ಮಾಳಿಗೆಯ ಮೇಲೆ ಮೂರು ದಿನಕ್ಕೊಂದು ಕಣ

ಕಳೆದ ತಿಂಗಳು ಎರಡೂ ಅಕ್ಷಗಳಲ್ಲಿ ಹೆಜ್ಜೆಹೆಜ್ಜೆಗೆ ಹತ್ತು ಪಟ್ಟಾಗುವ ಅಳತೆಯ ಲಾಗ್-ಲಾಗ್ ಗ್ರಾಫ್ ಹಾಳೆ ಬೇಕಾಗಿ ಧಾರವಾಡದ ಸುಭಾಷ್ ರಸ್ತೆಯಲ್ಲಿ ನಾಲ್ಕು ಅಂಗಡಿ ತಿರುಗಿದೆ, ಎಲ್ಲಿಯೂ ಸಿಗಲಿಲ್ಲ. ಒಬ್ಬ ಅಂಗಡಿಯವರು ಸಾದಾ ಗ್ರಾಫ್ ಹಾಳೆಯನ್ನೇ ಎರಡು ಕೊಟ್ಟು, ‘ಎರಡು ಲಾಗ್ ಬೇಕಂದ್ರಿ, ಎರಡು ಹಾಳಿ ಒಯ್ರಿ’ ಎಂದರು. ಮನೆಗೆ ಬಂದು ಅಟ್ಟದ ಮೇಲಿನ ಟ್ರಂಕು ಇಳಿಸಿದಾಗ ಎಂ.ಎಸ್‌ಸಿ. ದಿನಗಳ ಕಡತದಲ್ಲಿ ಏಳು ಖಾಲಿ ಹಾಳೆಗಳೂ ಬಳಸಿದ ಒಂದು ಹಾಳೆಯೂ ಸಿಕ್ಕವು. ಬಳಸಿದ ಹಾಳೆಯ ಮೇಲೆ 1980ರ ದಶಕದಲ್ಲಿ ನಾನು ಬಿಡಿಸಿದ ವಿಶ್ವಕಿರಣಗಳ ಶಕ್ತಿ ರೋಹಿತವಿತ್ತು, ಅದರ ನಟ್ಟನಡುವೆ ಕೆಂಪು ಶಾಯಿಯ ಒಂದು ವೃತ್ತವಿತ್ತು.

ಆ ವೃತ್ತದ ಕತೆ ಇಷ್ಟು. ಗ್ರಂಥಾಲಯದ ಒಂದು ಕೋಷ್ಟಕದಿಂದ ಅಂಕಿಗಳನ್ನು ಎತ್ತಿಕೊಂಡು, ಯಾವ ಶಕ್ತಿಯ ಅಂತರದಲ್ಲಿ ಎಷ್ಟು ಕಣಗಳು ಎಂಬುದನ್ನು ಹಾಳೆಯ ಮೇಲೆ ಗುರುತಿಸಿದ್ದೆ. ಗೆರೆ ಚೆನ್ನಾಗಿ ಇಳಿಯುತ್ತ ಬಂದು, ಒಂದು ಕಡೆ ಇದ್ದಕ್ಕಿದ್ದಂತೆ ತನ್ನ ಇಳಿಜಾರಿನ ನೇರಕ್ಕಿಂತ ಒಂದು ಮೆಟ್ಟಿಲಿನಷ್ಟು ಮೇಲೆ ಸರಿದು ನಿಂತಿತು. ಹೊಸದೇನನ್ನೋ ಕಂಡೆನೆಂಬ ಹುರುಪಿನಲ್ಲಿ ಹಾಳೆಯನ್ನು ಮೇಷ್ಟರ ಮುಂದೆ ಹಿಡಿದೆ. ಅವರು ಕೋಷ್ಟಕವನ್ನೊಮ್ಮೆ ನೋಡಿ, ಕೆಂಪು ಪೆನ್ನಿನಿಂದ ಮೆಟ್ಟಿಲಿನ ಸುತ್ತ ಗೆರೆ ಎಳೆದು, ‘ಗಲ್ಲಿ ಅಗಲ ಆದ ಮ್ಯಾಲೆ ಮಂದಿ ಹೆಚ್ಚ ನಿಂದರ್ತಾರ, ಅದಕ್ಕ ಊರ ಬೆಳೀತು ಅಂತೀಯೇನು?’ ಎಂದರು. ಕೋಷ್ಟಕದ ಮೊದಲ ಭಾಗದಲ್ಲಿ ಪ್ರತಿ ಅಂತರದ ಮೇಲಿನ ಎಲ್ಲೆ ಕೆಳಗಿನ ಎಲ್ಲೆಯ ಎರಡರಷ್ಟಿದ್ದರೆ, ಕಣಗಳು ವಿರಳವಾದ ಕೊನೆಯ ಭಾಗದಲ್ಲಿ ಅದನ್ನು ನಾಲ್ಕರಷ್ಟಕ್ಕೆ ಹಿಗ್ಗಿಸಲಾಗಿತ್ತು. ಎಣಿಕೆಯನ್ನು ಅಂತರದ ಅಗಲದಿಂದ ಭಾಗಿಸಬೇಕೆಂಬುದನ್ನು ನಾನು ಮರೆತಿದ್ದೆ. ಆ ಗೆರೆಯಲ್ಲಿ ಏನಾದರೂ ಬಾಗಿತೆಂದರೆ ಬಾಗಿದ್ದು ಪ್ರಕೃತಿಯೋ ನಮ್ಮ ತಕ್ಕಡಿಯೋ ಎಂದು ಮೊದಲು ಕೇಳಿಕೊಳ್ಳುವ ಅಭ್ಯಾಸ ನನಗೆ ಬಂದದ್ದು ಅಂದಿನಿಂದ.

ವಿಶ್ವಕಿರಣಗಳು ಹೆಸರಿಗೆ ಕಿರಣಗಳು, ವಾಸ್ತವದಲ್ಲಿ ಕಣಗಳು: ಬಹುಪಾಲು ಪ್ರೋಟಾನುಗಳು, ಉಳಿದವು ಹೀಲಿಯಂನಿಂದ ಕಬ್ಬಿಣದವರೆಗಿನ ಪರಮಾಣು ಬೀಜಗಳು ಮತ್ತು ಅಲ್ಪ ಪ್ರಮಾಣದ ಎಲೆಕ್ಟ್ರಾನುಗಳು. 1912ರ ಆಗಸ್ಟ್ 7ರಂದು ವಿಕ್ಟರ್ ಹೆಸ್ ಬಲೂನಿನಲ್ಲಿ 5,300 ಮೀಟರ್ ಎತ್ತರಕ್ಕೇರಿ, ಮೇಲೆ ಹೋದಂತೆ ವಿಕಿರಣ ಹೆಚ್ಚುತ್ತದೆಂದು ತೋರಿಸಿದಾಗಿನಿಂದ ಇವು ಎಲ್ಲಿಂದ ಬರುತ್ತವೆ ಎಂಬ ಪ್ರಶ್ನೆ ಇದೆ. ಬೆಳಕಾಗಿದ್ದರೆ ದೂರದರ್ಶಕವನ್ನು ಬಂದ ದಿಕ್ಕಿಗೆ ತಿರುಗಿಸಿದರೆ ಮುಗಿಯುತ್ತಿತ್ತು. ಆದರೆ ಇವು ವಿದ್ಯುದಾವೇಶವಿರುವ ಕಣಗಳಾದ್ದರಿಂದ ಆಕಾಶಗಂಗೆಯ ಕಾಂತಕ್ಷೇತ್ರದಲ್ಲಿ ಸುತ್ತುತ್ತ, ಚದುರುತ್ತ, ಸರಾಸರಿ ಒಂದು ಕೋಟಿ ವರ್ಷಕ್ಕೂ ಹೆಚ್ಚು ಕಾಲ ಅಲೆದಾಡಿ ನಮ್ಮಲ್ಲಿಗೆ ತಲುಪುತ್ತವೆ. 10¹⁵ ಎಲೆಕ್ಟ್ರಾನ್ ವೋಲ್ಟ್ (ಕಣಗಳ ಶಕ್ತಿಯನ್ನು ಅಳೆಯುವ ಮಾನ) ಶಕ್ತಿಯ ಪ್ರೋಟಾನು ಆ ಕ್ಷೇತ್ರದಲ್ಲಿ ಹಾಕುವ ಸುತ್ತಿನ ತ್ರಿಜ್ಯ ಸುಮಾರು ಒಂದು ಜ್ಯೋತಿರ್ವರ್ಷ. ಆಕಾಶಗಂಗೆಯ ತಟ್ಟೆಯ ದಪ್ಪವೇ ಸಾವಿರ ಜ್ಯೋತಿರ್ವರ್ಷದಷ್ಟಿರುವಾಗ ಇಂಥ ಕಣ ತಾನು ಹೊರಟ ದಿಕ್ಕನ್ನು ಎಂದೋ ಕಳೆದುಕೊಂಡಿರುತ್ತದೆ. ಉಳಿಯುವುದು ಎರಡೇ ಸುಳಿವುಗಳು: ಕಣ ಯಾವ ಧಾತುವಿನದು, ಅದರ ಶಕ್ತಿ ಎಷ್ಟು. ಎಷ್ಟು ಶಕ್ತಿಯ ಕಣಗಳು ಎಷ್ಟು ಸಂಖ್ಯೆಯಲ್ಲಿ ಬರುತ್ತವೆ ಎಂಬ ಲೆಕ್ಕವೇ ಶಕ್ತಿ ರೋಹಿತ.

ಈ ಲೆಕ್ಕದ ಹರವು ಎಂಥದೆಂಬುದನ್ನು ನನ್ನ ಮನೆಯ ಮಾಳಿಗೆಗೆ ಹೊಂದಿಸಿ ಹೇಳುತ್ತೇನೆ. ನಮ್ಮದು ಮೂವತ್ತು-ನಲವತ್ತರ ಸೈಟು, ಎಂದರೆ 1,200 ಚದರ ಅಡಿ, ಸುಮಾರು 111 ಚದರ ಮೀಟರ್. ನೂರು ಗಿಗಾ ಎಲೆಕ್ಟ್ರಾನ್ ವೋಲ್ಟ್, ಅಂದರೆ 10¹¹ ಮೀರಿದ ಕಣಗಳು ವಾತಾವರಣದ ನೆತ್ತಿಗೆ ಚದರ ಮೀಟರಿಗೆ ಸೆಕೆಂಡಿಗೊಂದರಂತೆ ಬಡಿಯುತ್ತವೆ. ನಮ್ಮ ಸೈಟಿನ ನೇರ ಮೇಲೆ ಪ್ರತಿ ಸೆಕೆಂಡಿಗೆ ನೂರು ಮೀರಿ. 10¹⁵ರ ಆಸುಪಾಸಿನವು ಚದರ ಮೀಟರಿಗೆ ವರ್ಷಕ್ಕೊಂದು. ಸೈಟಿನ ಪಾಲಿಗೆ ಮೂರು ದಿನಕ್ಕೊಂದು. 10¹⁸ ದಾಟಿ ಇನ್ನೂ ಮೂರು-ನಾಲ್ಕು ಪಟ್ಟು ಮೇಲೆ ಹೋದರೆ ಚದರ ಕಿಲೋಮೀಟರಿಗೆ ವರ್ಷಕ್ಕೊಂದು, ನಮ್ಮ ಸೈಟಿಗೆ ಒಂಬತ್ತು ಸಾವಿರ ವರ್ಷಕ್ಕೊಂದು. 10²⁰ ಮೀರಿದ ಕಣ ಚದರ ಕಿಲೋಮೀಟರಿಗೆ ಶತಮಾನಕ್ಕೊಂದು ಎನ್ನುತ್ತಾರೆ. ಅದನ್ನು ನಮ್ಮ ಮಾಳಿಗೆಯ ಮೇಲೆ ಕಾಯಬೇಕೆಂದರೆ ಒಂಬತ್ತು ಲಕ್ಷ ವರ್ಷ ಬೇಕು. ಹುಬ್ಬಳ್ಳಿ-ಧಾರವಾಡ ಸೇರಿಸಿ 200 ಚದರ ಕಿಲೋಮೀಟರ್ ಜಾಗಕ್ಕೆ ಉಪಕರಣ ಹಾಸಿದರೂ ವರ್ಷಕ್ಕೆ ಎರಡು ಸಿಕ್ಕಾವು. ಅಂಥ ಒಂದು ಕಣ 1991ರ ಅಕ್ಟೋಬರ್ 15ರಂದು ಅಮೆರಿಕದ ಯೂಟಾದಲ್ಲಿ ಸಿಕ್ಕಿತು. ಅದರ ಶಕ್ತಿ 3.2×10²⁰ ಎಲೆಕ್ಟ್ರಾನ್ ವೋಲ್ಟ್: ಒಂದು ಕಿಲೋ ತೂಕದ ಕಲ್ಲು ಐದು ಮೀಟರ್ ಎತ್ತರದಿಂದ ಬಿದ್ದಾಗಿನ ಶಕ್ತಿ, ಒಂದೇ ಒಂದು ಕಣದೊಳಗೆ.

ಎಣಿಸುವುದು ಸುಲಭ, ತೂಗುವುದು ಕಷ್ಟ. ಇದನ್ನು ಮನಗಾಣಲು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಣ ಹಾದಾಗ ಮಿಡಿಯುವ ಎರಡು ಗೈಗರ್ ನಳಿಕೆಗಳನ್ನು ಒಂದರ ಮೇಲೊಂದು ಕೂರಿಸಿ, ಎರಡರಲ್ಲೂ ಏಕಕಾಲಕ್ಕೆ ಮಿಡಿತ ಬಂದಾಗ ಮಾತ್ರ ‘ಟಿಕ್’ ಎನ್ನುವ ಮಂಡಲವೊಂದನ್ನು ಕಟ್ಟಿಕೊಟ್ಟಿದ್ದಾನೆ. ಅಡುಗೆಮನೆಯ ಸ್ಟೀಲ್ ಡಬ್ಬಿಯೊಂದನ್ನು ಅದರ ಮೇಲೆ ಬೋರಲು ಹಾಕಿ ಈ ಶ್ರಾವಣದ ಜಡಿಮಳೆಯಲ್ಲಿ ಮಾಳಿಗೆಯ ಮೇಲಿಟ್ಟು, ಒಳಗೆ ಕುಳಿತು ಟಿಕ್ಕುಗಳನ್ನು ಐದೈದರ ಕಟ್ಟುಗಳಾಗಿ ಬರೆದೆ. ನಿಮಿಷಕ್ಕೆ ಒಂದೆರಡು ಬರುತ್ತವೆ, ಕೆಲವೊಮ್ಮೆ ಮೂರು ನಿಮಿಷ ಏನೂ ಇಲ್ಲ, ಮತ್ತೆ ಒಂದರ ಬೆನ್ನಿಗೆ ಇನ್ನೊಂದು. ಇವು ಮ್ಯೂಯಾನುಗಳು, ವಿಶ್ವಕಿರಣ ವಾಯುಮಂಡಲದ ಮೇಲ್ಪದರದಲ್ಲಿ ಅಪ್ಪಳಿಸಿದಾಗ ಹುಟ್ಟಿದ ಮೊಮ್ಮಕ್ಕಳು. ಆದರೆ ಟಿಕ್ ಎನ್ನುವ ಶಬ್ದ ಎಲ್ಲದಕ್ಕೂ ಒಂದೇ. ತಾತ ಎಂಥ ಆಸಾಮಿ ಎಂಬುದನ್ನು ಮೊಮ್ಮಗನೊಬ್ಬನ ಹೆಜ್ಜೆ ಸಪ್ಪಳದಿಂದ ಹೇಳಲಾಗದು.

ಶಕ್ತಿ ಕಡಿಮೆಯಿರುವ ಕಡೆ ತಾತನನ್ನೇ ಹಿಡಿಯಬಹುದು. 2011ರಿಂದ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಮೇಲಿರುವ ಎಎಂಎಸ್-02 ಉಪಕರಣ ತನ್ನೊಳಗಿನ ಅಯಸ್ಕಾಂತದಲ್ಲಿ ಕಣ ಎಷ್ಟು ಬಾಗಿತೆಂದು ಅಳೆದು ಅದರ ಶಕ್ತಿ ಹೇಳುತ್ತದೆ. ಆವೇಶವನ್ನೂ ಹೇಳುವುದರಿಂದ ಪ್ರೋಟಾನು ಯಾವುದು, ಇಂಗಾಲ ಯಾವುದು ಎಂಬ ಸಂದೇಹವಿರುವುದಿಲ್ಲ. ಆದರೆ ಮೂರು ದಿನಕ್ಕೊಂದು ಬರುವ ಕಣಕ್ಕಾಗಿ ಸೈಟಿನಷ್ಟು ಅಗಲದ ಅಯಸ್ಕಾಂತವನ್ನು ಯಾರೂ ಆಕಾಶಕ್ಕೆ ಹಾರಿಸಲಾರರು. ಅಲ್ಲಿಂದ ಮೇಲೆ ವಾತಾವರಣವನ್ನೇ ಉಪಕರಣ ಮಾಡಿಕೊಳ್ಳಬೇಕು. ನಮ್ಮ ತಲೆಯ ಮೇಲಿನ ಗಾಳಿ, ತೂಕದಲ್ಲಿ, ಹತ್ತು ಮೀಟರ್ ನೀರಿಗೆ ಸಮ. ಅದರೊಳಗೆ ನುಗ್ಗಿದ ಒಂದು ಕಣ ಸಾವಿರ, ಲಕ್ಷ, ಕೋಟಿಗಟ್ಟಲೆ ಕಣಗಳ ತುಂತುರಾಗಿ ನೆಲಕ್ಕೆ ಸುರಿಯುತ್ತದೆ. 1938ರಲ್ಲಿ ಪಿಯರ್ ಓಜೆ ಫ್ರಾನ್ಸಿನಲ್ಲಿ ಪರಸ್ಪರ ದೂರವಿಟ್ಟ ಎಣಿಕೆಯ ಉಪಕರಣಗಳಲ್ಲಿ ಏಕಕಾಲಕ್ಕೆ ಮಿಡಿತ ಕಂಡು, ಇದರ ಹಿಂದೆ 10¹⁵ರಷ್ಟು ಶಕ್ತಿಯ ಕಣವಿರಬೇಕೆಂದು ಊಹಿಸಿದರು. ತುಂತುರಿನ ಒಳಲೆಕ್ಕವನ್ನು, ಅಂದರೆ ಎಲೆಕ್ಟ್ರಾನು ಮತ್ತು ಬೆಳಕಿನ ಕಣಗಳು ಒಂದರಿಂದೊಂದು ಹೇಗೆ ಕವಲೊಡೆಯುತ್ತವೆ ಎಂಬುದನ್ನು, ಹೋಮಿ ಭಾಭಾ ಮತ್ತು ವಾಲ್ಟರ್ ಹೈಟ್ಲರ್ 1937ರಲ್ಲಿಯೇ ಬರೆದಿದ್ದರು. ಭಾಭಾ ಬಳಿಕ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇದೇ ವಿಷಯದ ಸಂಶೋಧನಾ ಘಟಕ ನಡೆಸಿದರು.

ನೆಲಕ್ಕೆ ಬಿದ್ದ ತುಂತುರಿನಿಂದ ಶಕ್ತಿಯನ್ನು ಲೆಕ್ಕ ಹಾಕುವಾಗ ಎರಡು ಬಗೆಯ ತಪ್ಪು ನುಸುಳುತ್ತದೆ, ನನ್ನ ಕೆಂಪು ವೃತ್ತಕ್ಕಿಂತ ಬಲು ಸೂಕ್ಷ್ಮವಾದವು. ನಮ್ಮ ತಾಯಿಯ ತವರು ಬ್ಯಾಡಗಿಯ ಹತ್ತಿರ. ಅಲ್ಲಿನ ಮೆಣಸಿನಕಾಯಿ ಪೇಟೆಯಲ್ಲಿ ಚೀಲಗಳು ತಕ್ಕಡಿ ಏರುವುದನ್ನು ನೋಡುತ್ತ ಬೆಳೆದವನಿಗೆ ಇದು ಬೇಗ ಅರ್ಥವಾಗುತ್ತದೆ. ಒಂಬತ್ತು ಕಿಲೋದ ಸಾವಿರ ಚೀಲಗಳೂ ಹತ್ತು ಕಿಲೋದ ನೂರು ಚೀಲಗಳೂ ಇವೆ ಎನ್ನಿ. ತಕ್ಕಡಿಯ ಮುಳ್ಳು ಯಾರ ಪರವೂ ಅಲ್ಲ, ಸುಮ್ಮನೆ ಅಲುಗಾಡುತ್ತದೆ: ನೂರರಲ್ಲಿ ಐದು ಚೀಲ ಒಂದು ಕಿಲೋ ಹೆಚ್ಚು, ಐದು ಚೀಲ ಒಂದು ಕಿಲೋ ಕಡಿಮೆ ತೋರಿಸುತ್ತದೆ. ಆಗ ಒಂಬತ್ತರ ರಾಶಿಯಿಂದ ಐವತ್ತು ಚೀಲ ಹತ್ತರ ಲೆಕ್ಕಕ್ಕೆ ಬರುತ್ತವೆ, ಹತ್ತರ ರಾಶಿಯಿಂದ ಹೊರಗೆ ಹೋಗುವುದು ಹತ್ತೇ ಚೀಲ. ನೂರಿದ್ದದ್ದು ನೂರಾ ನಲವತ್ತಾಯಿತು. ಯಾರೂ ಮೋಸ ಮಾಡಲಿಲ್ಲ. ವಿಶ್ವಕಿರಣಗಳ ರೋಹಿತ ಇಷ್ಟು ಕಡಿದಲ್ಲದಿದ್ದರೂ ಇಳಿಯುವುದು ಜೋರಾಗಿಯೇ: ಶಕ್ತಿ ಹತ್ತು ಪಟ್ಟಾದರೆ ಅದನ್ನು ಮೀರಿದ ಕಣಗಳ ಸಂಖ್ಯೆ ಐವತ್ತನೇ ಒಂದು ಭಾಗಕ್ಕೆ ಕುಸಿಯುತ್ತದೆ. ಆದ್ದರಿಂದ ಮುಳ್ಳು ಎಷ್ಟು ಅಲುಗಾಡುತ್ತದೆ ಎಂಬುದನ್ನು ಗಣಕದಲ್ಲಿ ಅನುಕರಿಸಿ ತಿಳಿದುಕೊಂಡು, ಕಂಡ ರೋಹಿತದಿಂದ ನಿಜವಾದದ್ದನ್ನು ಬಿಡಿಸಿ ತೆಗೆಯಬೇಕಾಗುತ್ತದೆ.

ಎರಡನೆಯದು ತಕ್ಕಡಿಯೇ ಒಂದು ಕಡೆ ವಾಲಿದ್ದರೆ ಆಗುವ ತಪ್ಪು. ಎಲ್ಲ ಶಕ್ತಿಗಳನ್ನೂ ಶೇಕಡಾ 20 ಹೆಚ್ಚಾಗಿ ಓದಿದರೆ, 2.7 ಘಾತದ ರೋಹಿತದಲ್ಲಿ (ಶಕ್ತಿಯ 2.7ನೇ ಘಾತಕ್ಕೆ ವಿಲೋಮವಾಗಿ ಇಳಿಯುವ ಗೆರೆಯಲ್ಲಿ) ಕಣಗಳ ಸಂಖ್ಯೆ ಶೇಕಡಾ 36ರಷ್ಟು ಹೆಚ್ಚಾಗಿ ಕಾಣುತ್ತದೆ. ಅರ್ಜೆಂಟೀನಾದ ಪಿಯರ್ ಓಜೆ ವೀಕ್ಷಣಾಲಯ 3,000 ಚದರ ಕಿಲೋಮೀಟರ್ ಬಯಲಿನಲ್ಲಿ, ಒಂದೂವರೆ ಕಿಲೋಮೀಟರಿಗೊಂದರಂತೆ, ತಲಾ 12,000 ಲೀಟರ್ ನೀರಿನ 1,600ಕ್ಕೂ ಹೆಚ್ಚು ತೊಟ್ಟಿಗಳನ್ನು ಹರಡಿದೆ. ಅಷ್ಟೇ ಆಗಿದ್ದರೆ, ಕಣಗಳು ಹಾದಾಗ ತೊಟ್ಟಿಯ ನೀರಿನಲ್ಲಿ ಮೂಡುವ ಮಿಂಚಿನಿಂದ ಶಕ್ತಿಗೆ ಹೋಗಲು ಗಣಕದ ಮಾದರಿಯನ್ನೇ ನಂಬಬೇಕಿತ್ತು. ಹಾಗಾಗದಿರಲೆಂದು ಬಯಲಿನ ಅಂಚಿನಲ್ಲಿ ದೂರದರ್ಶಕಗಳನ್ನಿಟ್ಟು, ತುಂತುರು ಹಾದುಹೋದಾಗ ಗಾಳಿಯ ಸಾರಜನಕ ಬೀರುವ ಮಂದವಾದ ನೇರಳಾತೀತ ಬೆಳಕನ್ನು ಹಿಡಿಯುತ್ತಾರೆ. ಬೆಳಕಿನ ಒಟ್ಟು ಮೊತ್ತ ಗಾಳಿಯಲ್ಲಿ ಕರಗಿದ ಶಕ್ತಿಗೆ ನೇರ ಅನುಪಾತದಲ್ಲಿರುತ್ತದೆ. ಇದು ಬೆಳದಿಂಗಳಿಲ್ಲದ, ಮೋಡವಿಲ್ಲದ ರಾತ್ರಿಗಳಲ್ಲಿ ಮಾತ್ರ ಸಾಧ್ಯ. ಆ ರಾತ್ರಿಗಳಲ್ಲಿ ಎರಡೂ ಕಡೆ ಕಂಡ ತುಂತುರುಗಳಿಂದ ತೊಟ್ಟಿಗಳ ತಕ್ಕಡಿಯನ್ನು ಸರಿಮಾಡಿ, ಉಳಿದ ದಿನಗಳಲ್ಲಿ ತೊಟ್ಟಿಯನ್ನೇ ನಂಬುತ್ತಾರೆ. ಇಷ್ಟಾದರೂ ಅವರು ಒಪ್ಪಿಕೊಳ್ಳುವ ಅನಿಶ್ಚಿತತೆ ಶೇಕಡಾ 14. ಯೂಟಾದ ಟೆಲಿಸ್ಕೋಪ್ ಅರೇ ತಂಡದ್ದು ಶೇಕಡಾ 21. ಎರಡರ ಗೆರೆಗಳು ಒಂದರ ಮೇಲೊಂದು ಕೂರಲು ಶಕ್ತಿಯ ಅಳತೆಯಲ್ಲಿ ಸುಮಾರು ಶೇಕಡಾ 9ರಷ್ಟು ಹೊಂದಾಣಿಕೆ ಬೇಕು. ತಕ್ಕಡಿಯ ಈ ಮಿತಿಯನ್ನು ಮೊದಲೇ ಬರೆದಿಟ್ಟು ಆಮೇಲೆ ಮಾತಾಡುವವರ ಮೇಲೆ ನನಗೆ ವಿಶ್ವಾಸ ಹೆಚ್ಚು.

ಈಗ ಗೆರೆಯ ಇಳಿಜಾರಿಗೆ ಬರೋಣ. ಸೂರ್ಯನ ಮತ್ತು ಭೂಮಿಯ ಕಾಂತಕ್ಷೇತ್ರಗಳು ತಡೆಯುವ ತೀರ ಕೆಳಗಿನ ಭಾಗವನ್ನು ಬಿಟ್ಟರೆ, 10¹⁵ರವರೆಗೂ ಅದು ಹೆಚ್ಚುಕಡಿಮೆ ನೇರವಾಗಿ, 2.7 ಘಾತದಲ್ಲಿ ಇಳಿಯುತ್ತದೆ. ಬಿಸಿ ಅನಿಲದ ಕಣಗಳಾಗಿದ್ದರೆ ಒಂದು ಉಬ್ಬು ಮೂಡಿ ಮುಗಿಯುತ್ತಿತ್ತು. ನೇರ ಗೆರೆಯೆಂದರೆ ಸ್ವಲ್ಪಸ್ವಲ್ಪವಾಗಿ, ಮತ್ತೆಮತ್ತೆ, ಇರುವುದರ ಇಷ್ಟು ಪಾಲು ಎಂಬಂತೆ ಶಕ್ತಿ ಕೂಡಿಕೊಂಡಿದೆ ಎಂದರ್ಥ. ಎನ್ರಿಕೊ ಫರ್ಮಿ 1949ರಲ್ಲಿ ಇಂಥ ಒಂದು ಬಗೆಯನ್ನು ಸೂಚಿಸಿದರು. 1977-78ರಲ್ಲಿ ಹಲವರು ಬೇರೆಬೇರೆಯಾಗಿ ಅದನ್ನು ಆಘಾತ ಅಲೆಗಳಿಗೆ ಅನ್ವಯಿಸಿದರು: ಸ್ಫೋಟಗೊಂಡ ನಕ್ಷತ್ರದ ಅಲೆಯ ಮುಂದೆ-ಹಿಂದೆ ಕಣ ಪುಟಿದಾಡುತ್ತ ಪ್ರತಿ ದಾಟಿಗೂ ಶಕ್ತಿ ಗಳಿಸುತ್ತದೆ, ಪ್ರತಿ ದಾಟಿಗೂ ಕೆಲವು ಜಾರಿಹೋಗುತ್ತವೆ. ಗಳಿಕೆ ಮತ್ತು ಸೋರಿಕೆಗಳ ಈ ಲೆಕ್ಕದಿಂದ ಬರುವ ಘಾತ 2ರ ಸಮೀಪದ್ದು. ಹಾಗಾದರೆ 2.7 ಎಲ್ಲಿಂದ ಬಂತು? ಹೆಚ್ಚು ಶಕ್ತಿಯ ಕಣಗಳು ಆಕಾಶಗಂಗೆಯಿಂದ ಬೇಗ ಹೊರಬೀಳುವುದರಿಂದ ಗೆರೆ ಇನ್ನಷ್ಟು ಕಡಿದಾಗುತ್ತದೆ. ಇದನ್ನು ಬೋರಾನು ಸಾಕ್ಷಿ ನುಡಿಯುತ್ತದೆ: ನಕ್ಷತ್ರಗಳಲ್ಲಿ ಬೋರಾನು ಬಹಳ ಹುಟ್ಟುವುದಿಲ್ಲ, ಇಂಗಾಲದ ಬೀಜ ದಾರಿಯಲ್ಲಿ ಅನಿಲಕ್ಕೆ ಬಡಿದು ಒಡೆದಾಗ ಅದು ಸಿಗುತ್ತದೆ, ಬೋರಾನು-ಇಂಗಾಲದ ಪ್ರಮಾಣ ಶಕ್ತಿಯೊಡನೆ ಇಳಿಯುವುದೆಂದರೆ ಹೆಚ್ಚು ಶಕ್ತಿಯವು ಕಡಿಮೆ ದಾರಿ ಸವೆಸಿವೆ.

ಜಮಾ-ಖರ್ಚೂ ಹೊಂದುತ್ತದೆ. ಆಕಾಶಗಂಗೆಯಲ್ಲಿ ಶತಮಾನಕ್ಕೆ ಎರಡು-ಮೂರು ಸೂಪರ್‌ನೋವಾಗಳು, ಅಂದರೆ ಸ್ಫೋಟಗೊಳ್ಳುವ ನಕ್ಷತ್ರಗಳು, ಸಿಡಿಯುತ್ತವೆ. ಅವುಗಳ ಚಲನಶಕ್ತಿಯಲ್ಲಿ ಹತ್ತನೇ ಒಂದು ಪಾಲು ವಿಶ್ವಕಿರಣಗಳಿಗೆ ಹೋದರೆ ಸೋರಿಹೋಗುವುದನ್ನು ಭರ್ತಿ ಮಾಡಲು ಸಾಕು. ಬಾಡೆ ಮತ್ತು ಜ್ವಿಕಿ 1934ರಲ್ಲಿಯೇ ಸೂಪರ್‌ನೋವಾಗಳತ್ತ ಬೆರಳು ತೋರಿದ್ದರು. 2013ರಲ್ಲಿ ಫರ್ಮಿ ಉಪಗ್ರಹ ಎರಡು ಸೂಪರ್‌ನೋವಾ ಅವಶೇಷಗಳಿಂದ ಬರುವ ಗಾಮಾ ಕಿರಣಗಳಲ್ಲಿ, ಪ್ರೋಟಾನುಗಳು ಅನಿಲಕ್ಕೆ ಬಡಿದಾಗ ಮಾತ್ರ ಮೂಡುವ ಗುರುತನ್ನು ಕಂಡಿತು.

ನನ್ನ ಕುತೂಹಲವಿರುವುದು ನೇರ ಗೆರೆಗಿಂತ ಅದು ಬಾಗುವ ಜಾಗಗಳಲ್ಲಿ. 1958ರಲ್ಲಿ ಕುಲಿಕೊವ್ ಮತ್ತು ಕ್ರಿಸ್ಟಿಯಾನ್ಸನ್ ಎಂಬ ರಷ್ಯನ್ನರು 3×10¹⁵ರ ಸುಮಾರಿಗೆ ರೋಹಿತ ಇನ್ನೂ ಕಡಿದಾಗುತ್ತದೆಂದು ಸೂಚಿಸಿದರು, ಘಾತ 2.7ರಿಂದ 3.1ಕ್ಕೆ ಹೋಗುತ್ತದೆ. ಇದಕ್ಕೆ ಮೊಣಕಾಲು ಎಂದು ಹೆಸರು. 5×10¹⁸ರಲ್ಲಿ ಗೆರೆ ಮತ್ತೆ ತುಸು ಹೊರಳಿ ಮಟ್ಟಸವಾಗುವ ಜಾಗ ಕಣಕಾಲು. (ಕಣಗಳ ಶಾಸ್ತ್ರಕ್ಕೆ ಕಣಕಾಲೆಂಬ ಪದ ಒದಗಿದ್ದು ಕನ್ನಡಕ್ಕೆ ಮಾತ್ರ ದಕ್ಕಿದ ಭಾಗ್ಯ.) ಮೊಣಕಾಲಿನ ಅರ್ಥಕ್ಕೆ ಬೀಗದ ಕೈ ಕೊಟ್ಟವರು ಬರ್ನಾರ್ಡ್ ಪೀಟರ್ಸ್, 1950ರ ದಶಕದಲ್ಲಿ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ದುಡಿದವರು. ಕಾಂತಕ್ಷೇತ್ರ ಕಣವನ್ನು ಹಿಡಿದಿಟ್ಟುಕೊಳ್ಳುವುದು ಅದರ ಶಕ್ತಿಯನ್ನು ನೋಡಿ ಅಲ್ಲ, ಶಕ್ತಿಯನ್ನು ಆವೇಶದಿಂದ ಭಾಗಿಸಿದ ಮೊತ್ತವನ್ನು ನೋಡಿ. ಆದ್ದರಿಂದ ಪ್ರೋಟಾನುಗಳ ಮಿತಿ 3×10¹⁵ರಲ್ಲಿ ಮುಗಿದರೆ, 26 ಆವೇಶದ ಕಬ್ಬಿಣದ ಮಿತಿ ಅದರ 26 ಪಟ್ಟಿನಲ್ಲಿ, ಅಂದರೆ 7.8×10¹⁶ರಲ್ಲಿ ಮುಗಿಯಬೇಕು. ಜರ್ಮನಿಯ ಕಾರ್ಲ್ಸ್‌ರೂಹೆಯ ಕಾಸ್ಕೇಡ್ ಪ್ರಯೋಗ ಮೊಣಕಾಲು ಹಗುರ ಬೀಜಗಳದ್ದೆಂದು ತೋರಿಸಿತ್ತು. ಅದನ್ನು ವಿಸ್ತರಿಸಿದ ಕಾಸ್ಕೇಡ್-ಗ್ರಾಂಡೆ 2011ರಲ್ಲಿ ಭಾರ ಬೀಜಗಳ ರೋಹಿತ 8×10¹⁶ರ ಬಳಿ ಬಾಗುವುದನ್ನು ಕಂಡಿತು. ಕಾಗದದ ಮೇಲೆ ಇಪ್ಪತ್ತಾರರಿಂದ ಗುಣಿಸಿ ಬಂದ ಸಂಖ್ಯೆ ಹಾಗೆ ಎದುರಿಗೆ ನಿಂತಾಗ ಆಗುವ ಖುಷಿಯನ್ನು ನಾನು ಮುಚ್ಚಿಡುವುದಿಲ್ಲ.

ಇಲ್ಲಿಯೂ ಕೆಂಪು ಶಾಯಿಗೆ ಕೆಲಸವಿದೆ. ಹಗುರ ಬೀಜ, ಭಾರ ಬೀಜ ಎಂದು ವಿಂಗಡಿಸುವುದು ತುಂತುರಿನ ಮ್ಯೂಯಾನುಗಳನ್ನು ಎಣಿಸಿ. ಅದೇ ಶಕ್ತಿಯ ಕಬ್ಬಿಣ ಪ್ರೋಟಾನಿಗಿಂತ ಹೆಚ್ಚು ಮ್ಯೂಯಾನುಗಳನ್ನು ಹುಟ್ಟಿಸುತ್ತದೆ. ಆದರೆ ಅತ್ಯಧಿಕ ಶಕ್ತಿಗಳಲ್ಲಿ ಮಾದರಿಗಳು ಹೇಳುವುದಕ್ಕಿಂತ ಹೆಚ್ಚು ಮ್ಯೂಯಾನುಗಳು ನೆಲಕ್ಕೆ ಬರುತ್ತಿವೆ. ಅಂದರೆ ವಿಂಗಡಣೆಯ ಜರಡಿಯ ಕಣ್ಣುಗಳೇ ನಾವೆಣಿಸಿದಷ್ಟು ಗಾತ್ರದವಲ್ಲ. 2025ರ ಜುಲೈಯಲ್ಲಿ ಸರ್ನ್‌ನ ಲಾರ್ಜ್ ಹ್ಯಾಡ್ರಾನ್ ಕೊಲೈಡರಿನಲ್ಲಿ ಪ್ರೋಟಾನುಗಳನ್ನು ಆಮ್ಲಜನಕದ ಬೀಜಗಳಿಗೆ ಡಿಕ್ಕಿ ಹೊಡೆಸಿದ್ದರ ಒಂದು ಕಾರಣವೂ ಇದೇ; ವಿಶ್ವಕಿರಣಕ್ಕೆ ಮೊದಲು ಎದುರಾಗುವುದು ಗಾಳಿಯ ಸಾರಜನಕ-ಆಮ್ಲಜನಕಗಳೇ ತಾನೆ.

ನಮ್ಮ ಕಡೆಯಿಂದ ರಾತ್ರಿ ಹೊರಟರೆ ಮರುದಿನ ಮುಟ್ಟಬಹುದಾದ ಊಟಿಯಲ್ಲಿ, 2,200 ಮೀಟರ್ ಎತ್ತರದಲ್ಲಿ, ಟಾಟಾ ಸಂಸ್ಥೆಯ ಗ್ರೇಪ್ಸ್-3 ಪ್ರಯೋಗವಿದೆ. ಕಣ ಹಾದಾಗ ಮಿನುಗುವ ಸುಮಾರು 400 ಪ್ಲಾಸ್ಟಿಕ್ ಸಿಂಟಿಲೇಟರುಗಳು ಎಂಟು ಮೀಟರಿಗೊಂದರಂತೆ ತುಂತುರನ್ನು ಎಣಿಸುತ್ತವೆ. ಕಾಂಕ್ರೀಟಿನ ದಪ್ಪ ಪದರದ ಕೆಳಗೆ 560 ಚದರ ಮೀಟರಿನ ಮ್ಯೂಯಾನು ದೂರದರ್ಶಕವಿದೆ, ಅಂದರೆ ನಮ್ಮ ಐದು ಸೈಟುಗಳಷ್ಟು. 2024ರಲ್ಲಿ ಈ ತಂಡ 50 ಟೆರಾದಿಂದ (5×10¹³) ಒಂದು ಪೆಟಾ (10¹⁵) ಎಲೆಕ್ಟ್ರಾನ್ ವೋಲ್ಟ್ ದಾಟುವವರೆಗಿನ ಪ್ರೋಟಾನುಗಳ ರೋಹಿತವನ್ನು ಪ್ರಕಟಿಸಿ, 166 ಟೆರಾದ ಸುಮಾರಿಗೆ ಗೆರೆ ಮಟ್ಟಸವಾಗುವ ಬಾಗನ್ನು ತೋರಿಸಿತು. ಮೊಣಕಾಲಿನವರೆಗೆ ಒಂದೇ ಇಳಿಜಾರು ಎಂದು ನಾವು ವಿದ್ಯಾರ್ಥಿಗಳಾಗಿ ಓದಿದ್ದಕ್ಕೆ ಇದು ಒಪ್ಪುವುದಿಲ್ಲ. ಇದಕ್ಕೂ ಮೊದಲು ಬಾಹ್ಯಾಕಾಶದ ಉಪಕರಣಗಳು ಕೆಲವು ನೂರು ಗಿಗಾದಲ್ಲಿ ಒಂದು ಬಾಗನ್ನೂ ಹತ್ತು ಟೆರಾದ ಮೇಲೆ ಅದಕ್ಕೆ ವಿರುದ್ಧ ದಿಕ್ಕಿನ ಇನ್ನೊಂದು ಬಾಗನ್ನೂ ಕಂಡಿದ್ದವು. ಒಂದೇ ಬಗೆಯ ಮೂಲ ಇಷ್ಟು ಬಾರಿ ಬಾಗದು. ಹತ್ತಿರದ ಒಂದೆರಡು ಮೂಲಗಳ ಪಾಲು ಪ್ರತ್ಯೇಕವಾಗಿ ಕಾಣುತ್ತಿದೆಯೆಂದೋ, ಹಲವು ಬಗೆಯ ಮೂಲಗಳ ಗೆರೆಗಳು ಒಂದರ ಮೇಲೊಂದು ಬಿದ್ದಿವೆಯೆಂದೋ ತಿಳಿಯಬೇಕಾಗುತ್ತದೆ. ನನ್ನ ಒಲವು ಎರಡನೆಯದರ ಕಡೆಗೆ. ಚೀನಾದ ಲಾಸೋ ವೀಕ್ಷಣಾಲಯ 2021ರಲ್ಲಿ ಪೆಟಾ ಮಟ್ಟದವರೆಗಿನ ಗಾಮಾ ಕಿರಣಗಳನ್ನು ಬೀರುವ ಹನ್ನೆರಡು ಮೂಲಗಳನ್ನು ಪಟ್ಟಿ ಮಾಡಿದಾಗ ಅವೆಲ್ಲವೂ ಸೂಪರ್‌ನೋವಾ ಅವಶೇಷಗಳೇ ಎಂದು ಹೇಳುವಂತಿರಲಿಲ್ಲ. ಎಳೆಯ ನಕ್ಷತ್ರಗಳ ಗುಂಪುಗಳೂ ಪಲ್ಸಾರುಗಳೆಂಬ ಗಿರಗಿರ ತಿರುಗುವ ಮೃತ ನಕ್ಷತ್ರಗಳೂ ಸಾಲಿನಲ್ಲಿದ್ದವು.

ಕಣಕಾಲಿನಾಚೆಯವು ಆಕಾಶಗಂಗೆಯ ಹೊರಗಿನವು ಎಂಬುದರಲ್ಲಿ ಈಗ ಹೆಚ್ಚು ವಿವಾದವಿಲ್ಲ. ಅಷ್ಟು ಶಕ್ತಿಯ ಪ್ರೋಟಾನಿನ ಸುತ್ತು ತಟ್ಟೆಯ ದಪ್ಪವನ್ನೇ ಮೀರುತ್ತದೆ, ಹಿಡಿದಿಡಲು ಆಗದು. 8×10¹⁸ರ ಮೇಲಿನ ಕಣಗಳು ಆಕಾಶದ ಒಂದು ಪಕ್ಕದಿಂದ ತುಸು ಹೆಚ್ಚು ಬರುತ್ತವೆ, ಆ ಪಕ್ಕ ನಮ್ಮ ಆಕಾಶಗಂಗೆಯ ಕೇಂದ್ರದಿಂದ ದೂರವಿದೆ ಎಂದು ಓಜೆ ತಂಡ 2017ರಲ್ಲಿ ತೋರಿಸಿತು. ಕೊನೆಯಲ್ಲಿ, 4-5×10¹⁹ರ ಬಳಿ, ಗೆರೆ ಕಡಿದಾಗಿ ಬೀಳುತ್ತದೆ. ಗ್ರೈಸೆನ್, ಜಾಟ್ಸೆಪಿನ್, ಕುಜ್ಮಿನ್ 1966ರಲ್ಲಿ ಇದನ್ನು ಮುಂಗಂಡಿದ್ದರು: ಇಷ್ಟು ಶಕ್ತಿಯ ಪ್ರೋಟಾನು ಬ್ರಹ್ಮಾಂಡವನ್ನು ತುಂಬಿರುವ ಹಿನ್ನೆಲೆ ಸೂಕ್ಷ್ಮತರಂಗಗಳಿಗೆ ಡಿಕ್ಕಿ ಹೊಡೆದು ಶಕ್ತಿ ಕಳೆದುಕೊಳ್ಳುತ್ತದೆ. ಆದರೆ ಓಜೆಯ ಅಳತೆಗಳಲ್ಲಿ ಶಕ್ತಿ ಏರಿದಂತೆ ಕಣಗಳು ಭಾರವಾಗುತ್ತ ಹೋಗುತ್ತವೆ. ಹಾಗಿದ್ದರೆ ಕುಸಿತಕ್ಕೆ ದಾರಿಯ ಸವೆತಕ್ಕಿಂತ ಮೂಲಗಳ ತ್ರಾಣ ಮುಗಿದದ್ದೇ ಹೆಚ್ಚಿನ ಕಾರಣವಿರಬಹುದು. ಪೀಟರ್ಸ್ ಹೇಳಿದ ಆವೇಶದ ಲೆಕ್ಕವೇ ಆಕಾಶಗಂಗೆಯ ಹೊರಗೂ ಮರುಕಳಿಸಿದಂತೆ.

ಉಳಿದಿದ್ದ ಏಳು ಹಾಳೆಗಳಲ್ಲಿ ಒಂದರ ಮೇಲೆ ಗ್ರೇಪ್ಸ್-3ರ ಬಿಂದುಗಳನ್ನು ಈ ಭಾನುವಾರ ಗುರುತಿಸಿದೆ. ಕೈ ನಡುಗುವುದರಿಂದ ಪ್ರತಿ ಬಿಂದುವನ್ನೂ ಗುಂಡುಸೂಜಿಯಿಂದ ಚುಚ್ಚಿ ಆಮೇಲೆ ಶಾಯಿ ತುಂಬಿದೆ. ಅಂತರದ ಅಗಲದಿಂದ ಭಾಗಿಸಿದ ಅಂಕಿಗಳೇ ಎಂದು ಎರಡು ಸಲ ನೋಡಿಕೊಂಡು, ಹಳೆಯ ಹಾಳೆಯ ಪಕ್ಕದಲ್ಲಿಟ್ಟು ಅಡಿಪಟ್ಟಿ ಹಿಡಿದೆ. 166 ಟೆರಾದ ಆಚೆಯ ಬಿಂದುಗಳು ಅಡಿಪಟ್ಟಿಯ ಅಂಚಿನಿಂದ ಮೇಲಕ್ಕೆ ಸರಿದು ನಿಂತವು.